ಪತ್ರ ಯಾರ ಹೆಸರಿಗೆ? ಲಂಡನ್–ಒಟ್ಟಾವ ಪತ್ರವ್ಯವಹಾರದ ಆರು ದಶಕ

ಕೆನಡಾ ಸ್ವತಂತ್ರವಾದದ್ದು ಯಾವಾಗ ಎಂದರೆ ಒಂದೇ ತಾರೀಖು ಹೇಳಲಾಗದು. 1867ರಲ್ಲಿ ಒಕ್ಕೂಟ ರಚನೆಯಾಯಿತು, 1931ರಲ್ಲಿ ವೆಸ್ಟ್‌ಮಿನ್‌ಸ್ಟರ್ ಶಾಸನ ಬಂದು ಅದರ ಸಂಸತ್ತಿನ ಕಾನೂನು ಮಾಡುವ ಅಧಿಕಾರ ಬಹುಮಟ್ಟಿಗೆ ಪೂರ್ಣವಾಯಿತು. ನಡುವಿನ ಅವಧಿಯಲ್ಲಿ ಅಧಿಕಾರ ಕೈ ಬದಲಾದ ಬಗೆಯನ್ನು ತಿಳಿಯಲು ಸರ್ಕಾರಿ ಕಡತಗಳನ್ನೇ ನೋಡಬೇಕು. ಪತ್ರ ಯಾರ ಹೆಸರಿಗೆ ಬರುತ್ತಿತ್ತು, ಮೊದಲು ಓದುತ್ತಿದ್ದವರು ಯಾರು, ಉತ್ತರಕ್ಕೆ ಸಹಿ ಯಾರದು? ಈ ಮೂರು ಸಂಗತಿ ಬದಲಾದಂತೆಲ್ಲ ಡೊಮಿನಿಯನ್ನಿನ, ಅಂದರೆ ಬ್ರಿಟಿಷ್ ರಾಜನಡಿಯ ಸ್ವಯಮಾಡಳಿತ ದೇಶದ, ಸ್ಥಾನಮಾನವೂ ಬದಲಾಗಿದೆ.

ಮೊದಲ ಘಟ್ಟದಲ್ಲಿ ದಾರಿ ಒಂದೇ. ಲಂಡನ್ನಿನ ವಸಾಹತು ಸಚಿವರು ಗವರ್ನರ್ ಜನರಲ್‌ಗೆ ಬರೆಯುತ್ತಿದ್ದರು. ಆ ಪತ್ರ ಕೆನಡಾದ ರಾಜಧಾನಿ ಒಟ್ಟಾವದ ಮಂತ್ರಿ ಪರಿಷತ್ತಿಗೆ, ಅಲ್ಲಿಂದ ಸಂಬಂಧಪಟ್ಟ ಇಲಾಖೆಗೆ ಹೋಗಬೇಕು. ಇಲಾಖೆಯ ವರದಿ ಪರಿಷತ್ತಿನ ನಿರ್ಣಯವಾಗಿ, ಗವರ್ನರ್ ಜನರಲ್ಲರ ಪತ್ರದ ಜೊತೆಗೆ ಲಂಡನ್ನಿಗೆ ಮರಳಬೇಕು. ಗವರ್ನರ್ ಜನರಲ್ ರಾಜನ ಪ್ರತಿನಿಧಿಯೂ ಹೌದು, ಬ್ರಿಟಿಷ್ ಸರ್ಕಾರದ ಕೈಯಾಳೂ ಹೌದು. ಹೀಗಾಗಿ ಒಟ್ಟಾವದ ಮಂತ್ರಿಗಳಿಗೆ ಯಾವುದನ್ನು ತೋರಿಸಬೇಕು, ಯಾವುದನ್ನು ಗೋಪ್ಯವಾಗಿಡಬೇಕು ಎಂಬ ಹಿಡಿತ ಲಂಡನ್ನಿನ ಕಡೆಗೇ ಇತ್ತು. 1866ರಲ್ಲಿ ಅಟ್ಲಾಂಟಿಕ್ ತಂತಿ ಸ್ಥಿರಗೊಂಡು ಸುದ್ದಿಯ ವೇಗ ಹೆಚ್ಚಿತು. ಆದರೆ ದಾರಿ ಬದಲಾಗಲಿಲ್ಲ. 1880ರಲ್ಲಿ ಅಲೆಕ್ಸಾಂಡರ್ ಗಾಲ್ಟ್ ಕೆನಡಾದ ಮೊದಲ ಹೈಕಮಿಷನರ್ ಆಗಿ ಲಂಡನ್ನಿಗೆ ಹೋದ ಮೇಲೂ ಅಧಿಕೃತ ದಾರಿ ಗವರ್ನರ್ ಜನರಲ್ಲರ ಮೂಲಕವೇ ಉಳಿಯಿತು.

ಬದಲಾವಣೆಗೆ ತಳಪಾಯ ಹಾಕಿದವರು ಜೋಸೆಫ್ ಪೋಪ್ ಎಂಬ ಅಧಿಕಾರಿ. ವಿದೇಶ ವ್ಯವಹಾರದ ಕಾಗದಗಳು ಇಲಾಖೆಗಳಲ್ಲಿ ಚದುರಿಹೋಗಿವೆ, ಹಿಂದಿನ ಕಡತ ಬೇಕೆಂದಾಗ ಕೈಗೆ ಸಿಗುವುದಿಲ್ಲ ಎಂದು ಅವರು 1907ರಲ್ಲಿ ವಾದಿಸಿದರು. 1909ರಲ್ಲಿ ವಿದೇಶ ವ್ಯವಹಾರ ಇಲಾಖೆ ಹುಟ್ಟಿತು. ಅದರ ಮೊದಲ ಕಚೇರಿ ಇದ್ದದ್ದು ಬ್ಯಾಂಕ್ ಸ್ಟ್ರೀಟಿನಲ್ಲಿ, ಒಂದು ಕ್ಷೌರದಂಗಡಿಯ ಮೇಲೆ. ಆ ಇಕ್ಕಟ್ಟಿನ ಜಾಗದಲ್ಲಿ ಒಂದು ದೇಶ ತನ್ನ ನೆನಪನ್ನು ತಾನೇ ಜೋಡಿಸಿಡತೊಡಗಿತು. ತನ್ನ ಕಡತ ತನ್ನ ಬಳಿ ಇಲ್ಲದ ಸರ್ಕಾರ ಸಮಾನವಾಗಿ ವಾದಿಸಲಾರದು.

1914ರಲ್ಲಿ ಬ್ರಿಟನ್ ಯುದ್ಧ ಘೋಷಿಸಿದಾಗ ಕೆನಡಾವೂ ಪ್ರತ್ಯೇಕ ಘೋಷಣೆಯಿಲ್ಲದೆಯೇ ಯುದ್ಧಕ್ಕೆ ಸೇರಿದಂತಾಯಿತು. ಸಹಸ್ರಾರು ಸೈನಿಕರನ್ನು ಕಳೆದುಕೊಂಡ ಮೇಲೆ ಆ ವ್ಯವಸ್ಥೆಯನ್ನು ಒಪ್ಪುವುದು ಕಷ್ಟವಾಯಿತು. 1918ರಲ್ಲಿ ಡೊಮಿನಿಯನ್ ಪ್ರಧಾನಿಗಳು ಬ್ರಿಟಿಷ್ ಪ್ರಧಾನಿಗೆ ನೇರವಾಗಿ ಬರೆಯುವ ಹಕ್ಕು ಪಡೆದರು.

ಆ ಹಕ್ಕು ಎಷ್ಟು ಟೊಳ್ಳು ಎಂಬುದನ್ನು 1922ರ ಸೆಪ್ಟೆಂಬರ್ ತೋರಿಸಿತು. ಟರ್ಕಿಯ ಚಾನಕ್‌ನಲ್ಲಿ ಬ್ರಿಟಿಷ್ ಸೇನೆ ಸಿಕ್ಕಿಬಿದ್ದಿತ್ತು. 15ರಂದು ಲಂಡನ್ ಡೊಮಿನಿಯನ್ನುಗಳಿಗೆ ಗುಪ್ತಲಿಪಿಯ ತಂತಿ ಕಳಿಸಿ ಸೇನೆಯ ನೆರವು ಕೇಳಿತು. ಮರುದಿನವೇ ಪತ್ರಿಕೆಗಳಿಗೂ ಹೇಳಿಕೆ ಕೊಟ್ಟಿತು. ಪ್ರಧಾನಿ ಮೆಕೆಂಜಿ ಕಿಂಗ್ ಆಗ ತಮ್ಮ ಕ್ಷೇತ್ರದಲ್ಲಿದ್ದರು. ತಂತಿ ಕೈಸೇರುವ ಮೊದಲೇ ಪತ್ರಕರ್ತರೊಬ್ಬರು ಪ್ರತಿಕ್ರಿಯೆ ಕೇಳಿದರು. ದೇಶವನ್ನು ಯುದ್ಧಕ್ಕೆ ಕರೆಯುವ ಓಲೆಯನ್ನು ಪ್ರಧಾನಿಯೇ ಪತ್ರಿಕೆಯವರಿಂದ ತಿಳಿಯಬೇಕಾಯಿತು. ನ್ಯೂಜಿಲೆಂಡ್ ಕೂಡಲೇ ಒಪ್ಪಿತು. ತೀರ್ಮಾನ ಸಂಸತ್ತಿನದು ಎಂದು ಕಿಂಗ್ ಉತ್ತರಿಸಿದರು.

ಆಮೇಲಿನ ಹೆಜ್ಜೆಗಳು ಬೇಗಬೇಗ ಬಿದ್ದವು. 1923ರಲ್ಲಿ ಅಮೆರಿಕದೊಂದಿಗಿನ ಹಾಲಿಬಟ್ ಮೀನುಗಾರಿಕೆ ಒಪ್ಪಂದಕ್ಕೆ ಕೆನಡಾದ ಮಂತ್ರಿ ಅರ್ನೆಸ್ಟ್ ಲಾಪಾಯಿಂಟ್ ಒಬ್ಬರೇ ಸಹಿ ಹಾಕಿದರು. ಬ್ರಿಟಿಷ್ ರಾಯಭಾರಿಯ ಸಹಿ ಬೇಕಾಗಲಿಲ್ಲ. 1925ರಲ್ಲಿ ಲಂಡನ್ನಿನಲ್ಲಿ ಪ್ರತ್ಯೇಕ ಡೊಮಿನಿಯನ್ ಕಚೇರಿ ತೆರೆಯಿತು. 1926ರ ಸಾಮ್ರಾಜ್ಯ ಸಮ್ಮೇಳನವು ಗವರ್ನರ್ ಜನರಲ್ ರಾಜನ ಪ್ರತಿನಿಧಿ ಮಾತ್ರ, ಪತ್ರಗಳು ಸರ್ಕಾರದಿಂದ ಸರ್ಕಾರಕ್ಕೆ ಹೋಗಲಿ ಎಂದಿತು. 1927ರಲ್ಲಿ ಒಟ್ಟಾವದಲ್ಲಿ ಇದು ಜಾರಿಗೆ ಬಂತು. ಗವರ್ನರ್ ಜನರಲ್ ಇನ್ನು ತನ್ನ ಕೈಯಾಳಲ್ಲದ ಕಾರಣ, ಮರುವರ್ಷ ಬ್ರಿಟನ್ನೇ ಅಲ್ಲಿ ತನ್ನ ಹೈಕಮಿಷನರ್ ನೇಮಿಸಬೇಕಾಯಿತು. 1931ರ ಶಾಸನ ಬರುವ ಹೊತ್ತಿಗೆ ಕಡತಗಳ ಮಟ್ಟದಲ್ಲಿ ಸಮಾನತೆ ಆಗಲೇ ಬಂದಿತ್ತು. 1939ರಲ್ಲಿ ಬ್ರಿಟನ್ ಯುದ್ಧ ಸಾರಿದ್ದು ಸೆಪ್ಟೆಂಬರ್ 3ರಂದು, ಕೆನಡಾ ಸಾರಿದ್ದು 10ರಂದು, ತನ್ನ ಸಂಸತ್ತನ್ನು ಕೇಳಿ.

ಕೆನಡಾದ ಈ ದುಡಿಮೆಯ ಫಲ ಭಾರತಕ್ಕೂ ದಕ್ಕಿತು. 1947ರ ಆಗಸ್ಟ್ 15ರಿಂದ 1950ರ ಜನವರಿ 26ರವರೆಗೆ ನಾವೂ ಡೊಮಿನಿಯನ್ ಆಗಿದ್ದೆವು. 1947ರ ಅಕ್ಟೋಬರಿನಲ್ಲಿ ಕಾಶ್ಮೀರದ ಬಗ್ಗೆ ನೆಹರೂ ಅವರು ಬ್ರಿಟಿಷ್ ಪ್ರಧಾನಿ ಅಟ್ಲಿಗೆ ನೇರವಾಗಿ ತಂತಿ ಕಳಿಸಿದರು. ಗವರ್ನರ್ ಜನರಲ್ಲರ ಮೂಲಕ ಹೋಗುವ ಪ್ರಮೇಯವೇ ಇರಲಿಲ್ಲ. ಸ್ವರಾಜ್ಯ ಎಂದರೆ ಕಾನೂನು ಮಾಡುವ ಅಧಿಕಾರವಷ್ಟೇ ಅಲ್ಲ. ಸುದ್ದಿ ಸಕಾಲಕ್ಕೆ ತಿಳಿಯುವ, ತನ್ನ ಹೆಸರಿನಲ್ಲೇ ಉತ್ತರ ಕೊಡುವ ಹಕ್ಕೂ ಹೌದು. ಗುಮಾಸ್ತರೂ ಮಂತ್ರಿಗಳೂ ಕಾಗದ ಕಾಗದಕ್ಕೂ ವಾದ ಹೂಡಿ ಅದನ್ನು ಗಳಿಸಿದರು.