ಬಾವಿ, ನಲ್ಲಿ, ಸಂಪು: ಮನೆಯ ನೀರು ಕಾದವರ ಕಥೆ

ಕಳೆದ ಮಳೆಗಾಲದಲ್ಲಿ ಒಂದೇ ವಾರದೊಳಗೆ ನನಗೆ ಎರಡು ದೂರವಾಣಿ ಕರೆಗಳು ಬಂದವು. ಮೊದಲನೆಯದು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ಮಗನದು. ಬಿರುಮಳೆಯ ರಾತ್ರಿ ವಿದ್ಯುತ್ ಹೋಗಿ, ಅವನ ಮನೆಯ ನೆಲಮಾಳಿಗೆಯ ಸಂಪ್ ಪಂಪ್ ನಿಂತು, ಬೆಳಗಾಗುವಷ್ಟರಲ್ಲಿ ಅಲ್ಲಿ ಮೊಣಕಾಲುದ್ದ ನೀರು ತುಂಬಿತ್ತಂತೆ. ಎರಡನೆಯದು ಬೆಂಗಳೂರಿನಲ್ಲೇ ಇರುವ ಹಳೆಯ ವಿದ್ಯಾರ್ಥಿನಿಯದು. "ಸಾರ್, ನಮ್ಮ ಸಂಪಿನ ನೀರು ವಾಸನೆ ಬರ್ತಿದೆ. ಫೋನಿನಲ್ಲಿ ಹುಡುಕಿದ್ರೆ ನೂರು ಹೆಸರು ಬರುತ್ತೆ. ಯಾರನ್ನ ನಂಬಿ ಕರೆಸಲಿ?" ಎಂದು ಕೇಳಿದಳು.

ಹೆಸರು ಒಂದೇ ಆದರೂ ಈ ಎರಡು ಸಂಪುಗಳ ಕೆಲಸ ಬೇರೆ ಬೇರೆ. ಅಲ್ಲಿಯ ಸಂಪು, ನೆಲದಡಿಯ ನೀರು ಮನೆಯೊಳಗೆ ಏರದಂತೆ ಹಿಡಿದು ಹೊರಗೆ ಹಾಕಲು ತೋಡಿದ ಗುಂಡಿ. ನಮ್ಮ ಸಂಪು, ಹೊರಗಿನಿಂದ ಬಂದ ನೀರನ್ನು ಒಳಗೆ ಕೂಡಿಡಲು ಕಟ್ಟಿದ ತೊಟ್ಟಿ. ಅವರಿಗೆ ನೀರು ಹೆಚ್ಚಾದ ಚಿಂತೆ, ನಮಗೆ ಸಾಲದ ಚಿಂತೆ. ಆದರೆ "ಯಾರನ್ನು ಕರೆಸಲಿ?" ಎಂಬ ಪ್ರಶ್ನೆ ಇಬ್ಬರದೂ ಆಗಿತ್ತು. ಆ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಉದ್ದವಾದುದು. ಮೇಷ್ಟರ ಅಭ್ಯಾಸ, ಹಿಂದಿನ ಪಾಠದಿಂದಲೇ ಆರಂಭಿಸುತ್ತೇನೆ, ಕ್ಷಮಿಸಿ.

ನೀರಿನ ಕೆಲಸಕ್ಕೆ ಬಲ್ಲವರನ್ನು ಕರೆಸುವುದು ನಮ್ಮಲ್ಲಿ ಹೊಸದಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ ‘ಲೋಕೋಪಕಾರ’ವೆಂಬ ಗ್ರಂಥವನ್ನು ರಚಿಸಿದನು. (ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಬೇರೆ.) ಅಡುಗೆ, ವೈದ್ಯ, ತೋಟಗಾರಿಕೆಗಳ ಜೊತೆಗೆ ನೆಲದಡಿಯ ನೀರನ್ನು ಗುರುತಿಸುವ ವಿದ್ಯೆಗೂ ಅದರಲ್ಲಿ ಸ್ಥಾನವಿದೆ. ಇನ್ನು ಹಳ್ಳಿಗಳ ಆಯಗಾರರಲ್ಲಿ ನೀರುಗಂಟಿಯೆಂಬವನಿದ್ದನು. ಕೆರೆಯ ತೂಬನ್ನು ತೆರೆದು ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಸರದಿ ನಡೆಸುವುದು ಅವನ ಹೊಣೆ. ಸುಗ್ಗಿಯಲ್ಲಿ ಧಾನ್ಯದ ರೂಪದಲ್ಲಿ ಅವನಿಗೆ ಆಯ ಸಲ್ಲುತ್ತಿತ್ತು. ಅವನು ಅದೇ ಊರಿನವನು. ತಪ್ಪು ಮಾಡಿದರೆ ಮರುದಿನ ಅದೇ ಜನರ ಮುಖ ನೋಡಬೇಕಾಗಿತ್ತು. ಅವನ ಮೇಲಿನ ನಂಬಿಕೆಯ ಬೇರು ಅಲ್ಲಿತ್ತು.

ಬಾವಿ ತೋಡುವವರು ಮಣ್ಣು ವಡ್ಡರು. ಭೋವಿ ಸಮುದಾಯಕ್ಕೆ ಸೇರಿದ ಈ ಜನ ಕೆರೆ ಕಟ್ಟೆಗಳನ್ನೂ ಬಾವಿಗಳನ್ನೂ ತೋಡುತ್ತ ಬಂದವರು. 1950ರ ದಶಕದಲ್ಲಿ ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಮುಂದೆ ಒಂದು ನಲ್ಲಿ, ಹಿತ್ತಲಲ್ಲಿ ಒಂದು ಸೇದುವ ಬಾವಿ. ಪ್ರತಿ ಬೇಸಿಗೆಯಲ್ಲೂ ಬಾವಿಯ ಹೂಳೆತ್ತಲು ವಯಸ್ಸಾದ ಒಬ್ಬರು ಮಗನೊಡನೆ ಬರುತ್ತಿದ್ದರು. ಮಕ್ಕಳಾದ ನಮಗೆ ಅವರು ‘ಬಾವಿ ತಾತ’. ಬೀದಿಯ ಯಾವ ಮನೆಯ ಬಾವಿಗೆ ಎಷ್ಟು ಅಡಿಯಲ್ಲಿ ಬಂಡೆ ಸಿಗುತ್ತದೆ, ಯಾವುದರ ಸೆಲೆ ಯಾವ ಮೂಲೆಯಲ್ಲಿದೆ ಎಂಬುದೆಲ್ಲ ಅವರ ತಲೆಯಲ್ಲಿತ್ತು. ಇಳಿಯುವ ಮೊದಲು ಅವರು ಹಗ್ಗಕ್ಕೆ ಒಂದು ಲಾಟೀನು ಕಟ್ಟಿ ನಿಧಾನವಾಗಿ ಕೆಳಗೆ ಬಿಡುತ್ತಿದ್ದರು. ದೀಪ ಆರದಿದ್ದರೆ ಮಾತ್ರ ಇಳಿಯುವುದು. "ದೀಪ ಉಸಿರಾಡಿದ್ರೆ ನಾನೂ ಉಸಿರಾಡ್ತೀನಿ, ತಾಯಿ" ಎಂದು ನಮ್ಮಜ್ಜಿಗೆ ಹೇಳುತ್ತಿದ್ದರು.

ಇನ್ನೊಂದು ದೃಶ್ಯವೂ ನೆನಪಿದೆ. ಕೆಲಸ ಮುಗಿಸಿ ಮೇಲೆ ಬಂದ ತಾತ ಬೊಗಸೆಯೊಡ್ಡಿ ನಿಲ್ಲುತ್ತಿದ್ದರು. ಅಜ್ಜಿ ಎತ್ತರದಿಂದ ನೀರು ಸುರಿಯುತ್ತಿದ್ದರು. ಆ ಬಾವಿಯ ತಳವನ್ನು ಕೈಯಿಂದ ಬಳಿದು ಶುದ್ಧ ಮಾಡಿದವರಿಗೆ ಅದೇ ಬಾವಿಯ ಹಗ್ಗವನ್ನು ಮುಟ್ಟಿ ನೀರು ಸೇದುವ ಹಕ್ಕಿರಲಿಲ್ಲ. ಅಂದು ಅದು ನಮಗೆ ಸಹಜವೆಂದು ತೋರಿತ್ತು. ಇಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಇತಿಹಾಸವನ್ನು ಬರೆಯುವಾಗ ಇದನ್ನು ಬಿಟ್ಟು ಬರೆಯಬಾರದು.

ಬಾವಿಯ ಕಾಲ ಇಳಿಮುಖವಾದುದು ನಲ್ಲಿಯಿಂದ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೆಸರಘಟ್ಟದ ಕೆರೆಯಿಂದ ನೀರು ತರುವ ಯೋಜನೆ ರೂಪುಗೊಂಡು, 1896ರಲ್ಲಿ ಬೆಂಗಳೂರಿಗೆ ಕೊಳವೆಯ ನೀರು ಹರಿಯಿತು. ಅರ್ಕಾವತಿಯ ಆ ನೀರು ಬೆಳೆಯುವ ನಗರಕ್ಕೆ ಸಾಲದಾಗಿ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಬಂದಿತು. 1964ರಲ್ಲಿ ಜಲಮಂಡಳಿ ಸ್ಥಾಪನೆಯಾಯಿತು. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಸಾಗಿ, ಹಂತ ಹಂತವಾಗಿ ಮೇಲೇರಿ ನಗರವನ್ನು ತಲುಪಿತು. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ನೀರು ನದಿಯಿಂದ ಬರುವುದೆಂದ ಮೇಲೆ ಹಿತ್ತಲ ಬಾವಿಯ ಹಂಗೇಕೆ ಎಂದು ಜನ ಬಗೆದರು. ಬಾವಿಗಳಲ್ಲಿ ಕೆಲವು ಕಸದ ಗುಂಡಿಗಳಾದವು, ಕೆಲವು ಚಪ್ಪಡಿಯ ಕೆಳಗೆ ಮುಚ್ಚಿಹೋದವು. ಬಾವಿ ತಾತನಂಥವರ ಮಕ್ಕಳು ಕಟ್ಟಡಗಳ ಪಾಯ ತೋಡುವ ಕೂಲಿಗಳಾದರು.

ನಲ್ಲಿಯಲ್ಲಿ ನೀರು ಸದಾ ಬರುತ್ತಿದ್ದರೆ ಸಂಪಿನ ಅಗತ್ಯವೇ ಇರುತ್ತಿರಲಿಲ್ಲ. ನೀರು ದಿನ ಬಿಟ್ಟು ದಿನ, ಅದೂ ಕೆಲವೇ ಗಂಟೆ ಬರತೊಡಗಿತು. ಮಹಡಿಗೆ ಏರುವ ಒತ್ತಡವೂ ಅದಕ್ಕಿರಲಿಲ್ಲ. ಹೀಗಾಗಿ ಮನೆಯ ಮುಂದೆ ನೆಲದಡಿಯ ಸಂಪು, ಮೇಲೆ ಟ್ಯಾಂಕು, ನಡುವೆ ಒಂದು ಮೋಟಾರು ಬಂದವು. ಆರು ಅಡಿ ಉದ್ದ, ಅಗಲ, ಆಳದ ಸಂಪು ಸುಮಾರು 6,000 ಲೀಟರ್ ನೀರು ಹಿಡಿಯುತ್ತದೆ. ಬಾವಿಯ ಬಾಯಿ ತೆರೆದಿತ್ತು. ಬಗ್ಗಿ ನೋಡಿದರೆ ನೀರು ಕಾಣುತ್ತಿತ್ತು. ಸಂಪಿನ ಮೇಲೆ ಮುಚ್ಚಳ ಬಿತ್ತು. ಒಳಗೇನಾಗುತ್ತಿದೆ ಎಂಬುದು ಕಣ್ಣಿಗೆ ಮರೆಯಾಯಿತು.

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. 1987ರ ಬೇಸಿಗೆ. ಎರಡು ವರ್ಷಗಳ ಹಿಂದೆ ಕಟ್ಟಿಸಿದ್ದ ನಮ್ಮ ಮನೆಯ ಸಂಪಿನಲ್ಲಿ ಕೆಸರು ತುಂಬಿತ್ತು. ಎಲ್ಲರಿಗಿಂತ ಕಡಿಮೆ ಹಣ ಕೇಳಿದನೆಂಬ ಒಂದೇ ಕಾರಣಕ್ಕೆ, ಪರಿಚಯವಿಲ್ಲದ ಗುತ್ತಿಗೆದಾರನೊಬ್ಬನಿಗೆ ಕೆಲಸ ಒಪ್ಪಿಸಿದೆ. ಅವನು ಕರೆತಂದ ಹುಡುಗನನ್ನು ನೋಡಿದರೆ, ಹಿಂದಿನ ವರ್ಷ ನನ್ನ ತರಗತಿಯಲ್ಲಿದ್ದವನು. ಹತ್ತನೆಯ ತರಗತಿಯಲ್ಲಿ ಫೇಲಾಗಿ ಶಾಲೆ ಬಿಟ್ಟಿದ್ದ. "ಏನಪ್ಪಾ, ಓದು ಬಿಟ್ಟೆಯಾ?" ಎಂದೆ. ನಾಚಿ ನಕ್ಕ.

ಅಂದು ವಿದ್ಯುತ್ ಇರಲಿಲ್ಲ. ಗುತ್ತಿಗೆದಾರ ಸೀಮೆಎಣ್ಣೆಯ ಸಣ್ಣ ಎಂಜಿನ್ ಪಂಪನ್ನು ಸಂಪಿನ ಬಾಯಿಯ ಪಕ್ಕದಲ್ಲೇ ಇಟ್ಟು ನೀರನ್ನು ಹೊರಹಾಕಿದ. ತಳದ ಕೆಸರನ್ನು ಬಳಿಯಲು ಹುಡುಗ ಏಣಿಯಲ್ಲಿ ಇಳಿದ. ಎಂಜಿನ್ ಓಡುತ್ತಲೇ ಇತ್ತು. ನಾನು ಜಗುಲಿಯಲ್ಲಿ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಬಕೆಟ್ ಮೇಲೆ ಬರುವುದು ನಿಂತಿತು. ಗುತ್ತಿಗೆದಾರ ಇಣುಕಿ ನೋಡಿ ಕೂಗಿಕೊಂಡ. ಹುಡುಗ ಏಣಿಗೆ ಒರಗಿ ಜೋಲುತ್ತಿದ್ದ.

ನಾನು ಇಳಿಯಲು ಕಾಲು ಚಾಚಿದೆ. ಎದುರಿನ ನಿವೇಶನದಲ್ಲಿ ಪಾಯ ತೋಡುತ್ತಿದ್ದ ಒಬ್ಬರು ಓಡಿಬಂದು ನನ್ನ ರಟ್ಟೆ ಹಿಡಿದು ಎಳೆದರು. "ನೀವೂ ಹೋಗಿಬಿಟ್ರೆ ಯಾರನ್ನ ಅಂತ ಎತ್ತೋದು ಸ್ವಾಮಿ? ಮೊದಲು ಆ ಎಂಜಿನ್ ನಿಲ್ಸಿ" ಎಂದು ಗದರಿದರು. ಬಳಿಕ ಅಂಗಾತ ಅಲ್ಲ, ಬೋರಲಾಗಿ ಮಲಗಿ, ತಮ್ಮ ಕಾಲುಗಳನ್ನು ನಮಗೆ ಹಿಡಿಯಲು ಹೇಳಿ, ಮೇಲಿನಿಂದಲೇ ಹುಡುಗನ ಕೈ ಹಿಡಿದರು. ನಾವು ನಾಲ್ವರು ಸೇರಿ ಎಳೆದೆವು. ಹುಡುಗ ಏಣಿಯ ಮೇಲಿನ ಮೆಟ್ಟಿಲುಗಳಲ್ಲಿದ್ದುದರಿಂದ ಕೈಗೆ ಸಿಕ್ಕ. ತಳದಲ್ಲಿ ಬಿದ್ದಿದ್ದರೆ ಸಿಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನವಿದ್ದು ಬದುಕಿಕೊಂಡ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಉರಿಯುವ ಮೊಂಬತ್ತಿಯ ಮೇಲೆ ಗಾಜಿನ ಜಾಡಿ ಬೋರಲು ಹಾಕಿ, ಗಾಳಿಯಿಲ್ಲದೆ ಜ್ವಾಲೆ ಆರುವುದನ್ನು ವರ್ಷವರ್ಷವೂ ಮಕ್ಕಳಿಗೆ ತೋರಿಸಿದವನು ನಾನು. ಆ ಹುಡುಗನಿಗೂ ತೋರಿಸಿದ್ದೆ. ಓದು ಬಾರದ ಬಾವಿ ತಾತ ಅದೇ ಪಾಠವನ್ನು ಲಾಟೀನಿನಿಂದ ತಿಳಿದಿದ್ದರು. ನನ್ನ ಮನೆಯಂಗಳದಲ್ಲಿ ಅದು ಬೇಕಾದಾಗ ನನಗೆ ನೆನಪಾಗಲಿಲ್ಲ. ನನ್ನ ಕಣ್ಣಿದ್ದುದು ಉಳಿಯುವ ಹಣದ ಮೇಲೆ. ನನ್ನನ್ನು ತಡೆದು ಹುಡುಗನನ್ನು ಉಳಿಸಿದವರು ಮಣ್ಣು ವಡ್ಡರ ಮನೆಯವರೆಂದು ಆಮೇಲೆ ತಿಳಿಯಿತು.

ಅಲ್ಲಿಂದೀಚೆಗೆ ಕಾಲಚಕ್ರ ಮತ್ತೊಮ್ಮೆ ತಿರುಗಿತು. ಕೊಳವೆಬಾವಿಗಳು ಬಂದವು, ಆಳವಾದವು, ಬತ್ತಿದವು, ಟ್ಯಾಂಕರುಗಳು ಬಂದವು. 2009ರಲ್ಲಿ ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಕಾನೂನಿನಿಂದ ಕಡ್ಡಾಯವಾಯಿತು. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹಾಗಾದರೆ ವರ್ಷಕ್ಕೆ 900 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಊರಿನಲ್ಲಿ ನೂರು ಚದರ ಮೀಟರ್ ಸೂರಿನ ಮೇಲೆ ಸುರಿಯುವುದೆಷ್ಟು? ಲೆಕ್ಕ ಮಾಡಿ ನೋಡಿ, 90,000 ಲೀಟರಿಗೂ ಮಿಗಿಲು. ಆ ನೀರನ್ನು ನೆಲಕ್ಕಿಳಿಸುವ ಇಂಗುಬಾವಿ ತೋಡಲು ಜನ ಮತ್ತೆ ಹುಡುಕಿಕೊಂಡು ಹೋದುದು ಮಣ್ಣು ವಡ್ಡರನ್ನೇ. ಕಬ್ಬನ್ ಉದ್ಯಾನದ ಹಳೆಯ ಬಾವಿಗಳ ಹೂಳೆತ್ತಿ ಜೀವ ಕೊಟ್ಟವರೂ ಅವರೇ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಸರ್ಕಾರವೇ ದರ ಗೊತ್ತುಮಾಡಬೇಕಾಗಿ ಬಂದಾಗ, ಮುಚ್ಚಿಸಿದ ಬಾವಿಗಳನ್ನು ನೆನೆದು ನಿಟ್ಟುಸಿರು ಬಿಟ್ಟವರಲ್ಲಿ ನಾನೂ ಒಬ್ಬ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತದ ನೀರೂ ಬಂದಿತು. ಆದರೆ ಯಾವ ನದಿಯ ನೀರಾದರೂ ಕೊನೆಗೆ ಸೇರುವುದು ನಮ್ಮ ಮನೆಯ ಸಂಪನ್ನೇ.

ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇಷ್ಟು. ಮೊದಲು ಆ ನೀರಿನ ಬಳಕೆ ನಿಲ್ಲಿಸು. ನೆರೆಮನೆಯವರನ್ನು ಕೇಳು, ಅವರಲ್ಲೂ ವಾಸನೆಯಿದ್ದರೆ ದೋಷ ಬೀದಿಯ ಕೊಳವೆಯದು, ಜಲಮಂಡಳಿಗೆ ದೂರು ಕೊಡು. ನಿನ್ನ ಮನೆಯಲ್ಲಿ ಮಾತ್ರವಾದರೆ, ನೀರು ಬರುವ ಕವಾಟವನ್ನೂ ಮೋಟಾರನ್ನೂ ರಾತ್ರಿ ನಿಲ್ಲಿಸಿ, ಸಂಪಿನ ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗುರುತು ಹಾಕು. ಬೆಳಿಗ್ಗೆ ಮಟ್ಟ ಇಳಿದಿದ್ದರೆ ನೀರು ಹೊರಗೆ ಸೋರುತ್ತಿದೆ. ಏರಿದ್ದರೆ ಹೊರಗಿನದು ಒಳಗೆ ಬರುತ್ತಿದೆ. ಬಳಿಕ ನಿಮ್ಮ ಬೀದಿಯಲ್ಲೇ ಹತ್ತಾರು ವರ್ಷ ಕೆಲಸ ಮಾಡಿದವರನ್ನು ವಿಚಾರಿಸಿ ಕರೆಸು. ಒಡೆಯುವ ಮೊದಲು ಕಾರಣವನ್ನು ತೋರಿಸಿ ಎಂದು ಕೇಳು. ಕೆಲಸವನ್ನೂ ಹಣವನ್ನೂ ಕಾಗದದ ಮೇಲೆ ಬರೆದುಕೊ.

ಯಾರಾದರೂ ಒಳಗಿಳಿಯಬೇಕಾದರೆ ಎಂಜಿನ್ ಹತ್ತಿರ ಸುಳಿಯಬಾರದು. ಮುಚ್ಚಳ ಬಹಳ ಹೊತ್ತು ತೆರೆದಿರಲಿ, ಒಳಕ್ಕೆ ಗಾಳಿ ಊದುವ ವ್ಯವಸ್ಥೆಯಿರಲಿ, ಸೊಂಟಕ್ಕೆ ಹಗ್ಗವಿರಲಿ, ಮೇಲೆ ಒಬ್ಬರು ಕದಲದೆ ನಿಂತಿರಲಿ. ತಾತನ ದೀಪವನ್ನು ಇಂದು ಅನುಕರಿಸಬೇಡ. ಉರಿಯುವ ಅನಿಲವಿದ್ದರೆ ಅದೇ ಅಪಾಯ, ವಿಷಾನಿಲವಿದ್ದರೂ ದೀಪ ಆರದೇ ಇರಬಹುದು. ಈಗ ಅನಿಲವನ್ನು ಅಳೆಯುವ ಉಪಕರಣಗಳಿವೆ. ಒಳಗೆ ಯಾರಾದರೂ ಎಚ್ಚರ ತಪ್ಪಿದರೆ ಇನ್ನೊಬ್ಬರು ಇಳಿಯಲೇಬಾರದು. ಅಗ್ನಿಶಾಮಕ ದಳವನ್ನು ಕರೆ. ಮಲದ ಗುಂಡಿಗೋ ಒಳಚರಂಡಿಗೋ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾಯಿದೆಯಂತೆ ಅಪರಾಧ.

ಅವಳ ಸಂಪಿನಲ್ಲಿ ಬೆಳಗಾಗುವಾಗ ನಾಲ್ಕು ಬೆರಳಷ್ಟು ನೀರು ಏರಿತ್ತು. ಅದೇ ಬೀದಿಯ ಹಳೆಯ ಪ್ಲಂಬರ್ ಬಂದು, "ಇಲ್ಲೊಂದು ಹೊಂಗೆ ಮರ ಇತ್ತಲ್ಲಮ್ಮ, ಅದರ ಬೇರು ಇನ್ನೂ ಇದೆ" ಎಂದು ನೇರವಾಗಿ ಒಂದು ಕಡೆ ಅಗೆದರಂತೆ. ಬೇರು ಒಳಚರಂಡಿಯ ಕೊಳವೆಯ ಕೀಲನ್ನು ಬಿಡಿಸಿತ್ತು. ನ್ಯೂಜೆರ್ಸಿಯಲ್ಲೂ ಅಷ್ಟೇ. ಪಕ್ಕದ ಬೀದಿಯ ಕೆಲಸಗಾರ ಬಂದು ಪಂಪಿಗೆ ಬ್ಯಾಟರಿ ಜೋಡಿಸಿದನಲ್ಲದೆ, ಹೊರಹಾಕಿದ ನೀರು ಗೋಡೆಯ ಬುಡದಲ್ಲೇ ಬಿದ್ದು ಮತ್ತೆ ಒಳಗೆ ಬರುತ್ತಿದ್ದುದನ್ನು ಕಂಡು ಕೊಳವೆಯನ್ನು ದೂರಕ್ಕೆ ತಿರುಗಿಸಿದನಂತೆ.

ವಿದ್ಯಾರ್ಥಿನಿ ಮತ್ತೆ ಕರೆ ಮಾಡಿದಾಗ ನಾನು ಮೊದಲು ಕೇಳಿದ್ದು, "ಕೆಲಸ ಮಾಡಿದವರಿಗೆ ಕುಡಿಯಲು ಏನು ಕೊಟ್ಟೆ?" ಎಂದು. "ಕಾಫಿ ಕೊಟ್ಟೆ ಸಾರ್, ಒಟ್ಟಿಗೇ ಕೂತು ಕುಡಿದ್ವಿ" ಎಂದಳು. ನನಗೆ ನಮ್ಮ ಹಿತ್ತಲಿನ ಬಾವಿಕಟ್ಟೆ ನೆನಪಾಯಿತು.