ಹೊಲಿಗೆ ಬಿಟ್ಟ ಸ್ಲಿಂಗ್: ಬ್ರಿಟನ್ನಿನ ಕೇರ್ ಹೋಮ್‌ಗಳಲ್ಲಿ ಹೊಯ್ಸ್ಟ್ ನಿರ್ವಹಣೆ

ಎದ್ದು ನಿಲ್ಲಲಾಗದ ವೃದ್ಧರನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟಿಸಲು ಬ್ರಿಟನ್ನಿನ ಕೇರ್ ಹೋಮ್‌ಗಳು ಹೊಯ್ಸ್ಟ್ ಬಳಸುತ್ತವೆ. ಬ್ಯಾಟರಿಯ ಬಲದಿಂದ ಅದರ ತೋಳು ಮೇಲೇಳುತ್ತದೆ. ತುದಿಯ ಅಡ್ಡಪಟ್ಟಿಗೆ ಸಿಕ್ಕಿಸಿದ ಸ್ಲಿಂಗ್ ಎಂಬ ಬಟ್ಟೆಯ ಜೋಲಿಯಲ್ಲಿ ವ್ಯಕ್ತಿ ಕೂತಿರುತ್ತಾರೆ. ನಿರ್ವಹಣೆ ಎಂದೊಡನೆ ಕಣ್ಣು ಯಂತ್ರದ ಮೇಲೇ ಹೋಗುತ್ತದೆ. ಆದರೆ ಮೈಭಾರವನ್ನೆಲ್ಲ ಮೊದಲು ಹೊರುವುದು ಆ ಬಟ್ಟೆಯ ಹೊಲಿಗೆ ಮತ್ತು ಕುಣಿಕೆಗಳು.

ಕಾನೂನು ಇದನ್ನು ಕಡೆಗಣಿಸಿಲ್ಲ. ‘ಲೋಲರ್’ ಎಂದು ಕರೆಯುವ 1998ರ ನಿಯಮಾವಳಿಯಂತೆ, ಬೇರೆ ಪರೀಕ್ಷಾ ಯೋಜನೆ ಇಲ್ಲದಿದ್ದಲ್ಲಿ ಮನುಷ್ಯರನ್ನು ಎತ್ತುವ ಸಾಧನವನ್ನು 6 ತಿಂಗಳಿಗೊಮ್ಮೆಯಾದರೂ ಪರಿಣತರು ಕೂಲಂಕಷವಾಗಿ ಪರೀಕ್ಷಿಸಬೇಕು. ಸ್ಲಿಂಗ್‌ಗೂ ಇದೇ ಗಡುವು. ಅಪಾಯಕಾರಿ ದೋಷ ಕಂಡರೆ ಪರೀಕ್ಷಕರು ಕೂಡಲೇ ಸಂಸ್ಥೆಗೆ ತಿಳಿಸಬೇಕು. ಈ ಪರೀಕ್ಷೆಯನ್ನೇ ನಿರ್ವಹಣೆ ಎಂದು ತಿಳಿಯುವುದು ದೊಡ್ಡ ತಪ್ಪು. ಎರಡು ಪರೀಕ್ಷೆಗಳ ನಡುವೆ ಒಂದೇ ಸ್ಲಿಂಗ್ ಎಷ್ಟೋ ಸಲ ಒಗೆತ ಕಾಣುತ್ತದೆ.

ಸವೆತದ ಸುಳಿವು ಸಿಗುವುದು ಅಲ್ಲೇ. ಬ್ಲೀಚ್ ಹಾಕಿದರೆ, ಹೆಚ್ಚು ಶಾಖದಲ್ಲಿ ಒಣಗಿಸಿದರೆ ನೂಲು ಬಲ ಕಳೆದುಕೊಳ್ಳುತ್ತದೆ. ಕುಣಿಕೆಯ ಬುಡವನ್ನು ಬೆರಳಲ್ಲಿ ಹಿಡಿದು ಬಿಡಿಸಿ ನೋಡಿದರೆ ಎದ್ದ ಎಳೆ, ಬಿಟ್ಟ ಹೊಲಿಗೆ ಕಾಣುತ್ತದೆ. ಮಡಿಚಿಟ್ಟಾಗ ಇವು ಯಾವುವೂ ಕಾಣವು. ಸ್ಲಿಂಗ್‌ನ ಚೀಟಿಯ ಅಕ್ಷರ ಅಳಿಸಿದ್ದರೆ, ಬಟ್ಟೆ ಗಟ್ಟಿಯಾಗಿದ್ದರೂ ಅದನ್ನು ಬಳಸಕೂಡದು. ಅಳತೆ ಎಷ್ಟು, ಎಷ್ಟು ಭಾರ ತಡೆಯುತ್ತದೆ ಎಂಬುದು ಗೊತ್ತಾಗದೆ ಯಾರನ್ನೂ ಎತ್ತುವಂತಿಲ್ಲ.

ಯಂತ್ರಕ್ಕೂ ದಿನನಿತ್ಯದ ನಿಗಾ ಬೇಕು: ಬ್ಯಾಟರಿ ಚಾರ್ಜ್ ಆಗಿದೆಯೇ, ಬ್ಯಾಟರಿ ಕೈಕೊಟ್ಟಾಗ ವ್ಯಕ್ತಿಯನ್ನು ಕೆಳಗಿಳಿಸುವ ತುರ್ತು ವ್ಯವಸ್ಥೆ ಕೆಲಸ ಮಾಡುತ್ತದೆಯೇ, ಚಕ್ರಗಳಿಗೆ ಕೂದಲು, ದಾರ ಸುತ್ತಿಕೊಂಡಿದೆಯೇ. ಚಕ್ರದ ವಿಚಾರ ಹೊಸಬರಿಗೆ ಅಚ್ಚರಿ ತರುತ್ತದೆ. ಎತ್ತುವಾಗ ಬ್ರೇಕ್ ಹಾಕಬೇಡಿ ಎಂದೇ ಹಲವು ತಯಾರಕರ ಸೂಚನೆ. ಭಾರ ಬಿದ್ದಂತೆ ಹೊಯ್ಸ್ಟ್ ತುಸು ಸರಿದು ತನ್ನ ಸಮತೋಲ ಕಂಡುಕೊಳ್ಳಬೇಕು. ಹೀಗಾಗಿ ಬಿಗಿದುಕೊಂಡ ಚಕ್ರ ತಳ್ಳುವವರ ಬೆನ್ನಿಗಷ್ಟೇ ಅಲ್ಲ, ಸ್ಲಿಂಗ್‌ನಲ್ಲಿರುವವರಿಗೂ ಅಪಾಯ.

ಸಂಶಯ ಬಂದ ಸ್ಲಿಂಗನ್ನು ಪಕ್ಕಕ್ಕಿಡಿ ಎಂದು ಪ್ರತಿ ತರಬೇತಿಯಲ್ಲೂ ಹೇಳುತ್ತಾರೆ. ಆದರೆ ಅದೇ ಅಳತೆಯ ಇನ್ನೊಂದು ಕಪಾಟಿನಲ್ಲಿ ಇಲ್ಲದಿದ್ದರೆ, ಬೆಳಗಿನ ಗಡಿಬಿಡಿಯಲ್ಲಿ ಕೇರರ್ ಏನು ಮಾಡಬೇಕು? ಆದ್ದರಿಂದ ಹೆಚ್ಚುವರಿ ಸ್ಲಿಂಗ್‌ಗಳ ಖರ್ಚನ್ನು ನಿರ್ವಹಣೆಯ ಬಜೆಟ್ಟಿನಲ್ಲೇ ಸೇರಿಸಬೇಕು. ದೋಷ ಕಂಡ ಸಾಧನವನ್ನು ಬಳಕೆಯಿಂದ ತೆಗೆಯುವ ಅಧಿಕಾರ, ಮ್ಯಾನೇಜರ್ ಬರುವವರೆಗೆ ಕಾಯದಂತೆ, ರಾತ್ರಿ ಪಾಳಿಯ ಕೇರರ್‌ಗೂ ಇರಬೇಕು.