ರಕ್ತಹೀನತೆ: ಎಲ್ಲಕ್ಕೂ ಒಂದೇ ಮಾತ್ರೆಯಲ್ಲ

ನವಲಗುಂದ, ಕುಂದಗೋಳ, ಕಲಘಟಗಿ ಕಡೆ "ರಕ್ತ ಕಡಿಮೆ ಐತಿ" ಎನ್ನುವುದು ಸಾಮಾನ್ಯ ಮಾತು. ನಿಜವಾಗಿ ಕಡಿಮೆಯಾಗಿರುವುದು ಹಿಮೋಗ್ಲೋಬಿನ್.

ರಕ್ತದ ಅರ್ಧಕ್ಕಿಂತ ಹೆಚ್ಚು ಪಾಲು ಪ್ಲಾಸ್ಮಾ ಎಂಬ ಹಳದಿ ದ್ರವ. ಬಿಳಿ ರಕ್ತಕಣಗಳು ಸೋಂಕನ್ನು ಎದುರಿಸುತ್ತವೆ. ಪ್ಲೇಟ್‌ಲೆಟ್‌ಗಳು ರಕ್ತಸ್ರಾವ ತಡೆಯುತ್ತವೆ; ಡೆಂಗಿಯಲ್ಲಿ ಕುಸಿಯುವುದು ಇವೇ. ಸುಮಾರು 120 ದಿನ ಬದುಕುವ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಒಯ್ಯುತ್ತದೆ.

ರಕ್ತಹೀನತೆಗೆ ಮುಖ್ಯ ಕಾರಣ ಕಬ್ಬಿಣಾಂಶದ ಕೊರತೆ. ಜೋಳದ ರೊಟ್ಟಿಯಲ್ಲಿ ಕಬ್ಬಿಣವಿದ್ದರೂ ದೇಹ ಹೀರಿಕೊಳ್ಳುವುದು ಸ್ವಲ್ಪವೇ. ಊಟದ ಜೊತೆ ಲಿಂಬೆ ಇರಲಿ, ಚಹಾ ಬೇಡ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ. ಹೆದರಿ ಮಾತ್ರೆ ಬಿಡುವವರೂ ಇದ್ದಾರೆ!

ಸಿಕಲ್ ಸೆಲ್ ರೋಗ ಬೇರೆ. ಇದು ಅನುವಂಶೀಯ. ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರ ನೋವು ತರುತ್ತವೆ. ಕಬ್ಬಿಣದ ಮಾತ್ರೆ ಇದನ್ನು ಗುಣಪಡಿಸದು. ಆಫ್ರಿಕಾ ಮೂಲದವರಲ್ಲಿ ಮತ್ತು ಭಾರತದ ಹಲವು ಬುಡಕಟ್ಟುಗಳಲ್ಲಿ ಇದು ಕಂಡುಬರುವುದರಿಂದ ಕಲಘಟಗಿಯ ಸಿದ್ದಿ ಕುಟುಂಬಗಳೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ.

ವಾಹಕರಿಗೆ ಸಾಮಾನ್ಯವಾಗಿ ಯಾವ ಲಕ್ಷಣವೂ ಇರುವುದಿಲ್ಲ. ತಂದೆತಾಯಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ಶೇ. 25. ಆದ್ದರಿಂದ ವಿವಾಹ ಸಿದ್ಧತಾ ಶಿಬಿರಗಳಲ್ಲಿ ಈ ವಿಷಯ ತಿಳಿಸಬೇಕು. ವಾಹಕಿ ಎಂದ ಮಾತ್ರಕ್ಕೆ ಹುಡುಗಿಯನ್ನು ಬೇಡವೆನ್ನುವುದು ಅನ್ಯಾಯ. ಪರೀಕ್ಷೆ ಇಬ್ಬರಿಗೂ ಆಗಲಿ.